ಜಾಡು ಬಿಟ್ಟುಕೊಟ್ಟ ಗುನ್‌ವೋರ್ ಅಜ್ಜಿ

ನಮ್ಮ ಗುನ್‌ವೋರ್ ಅಜ್ಜಿ ಅಂಗಡಿಗೆ ಕುಂಟುತ್ತಾ ಹೋಗುವುದನ್ನು ಕಂಡವರು ಅಯ್ಯೋ ಪಾಪ ಅನ್ನುತ್ತಾರೆ. ಅದೇ ಅಜ್ಜಿ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿ ಹೊರಟರೆ ಅಯ್ಯೋ ಅನ್ನುವುದಕ್ಕೂ ಪುರುಸೊತ್ತು ಸಿಗುವುದಿಲ್ಲ, ಅಷ್ಟರಲ್ಲಿ ಅವಳು ತಿರುವಿನಾಚೆ!

ಮೈಮೇಲೆ ತೇಪೆ ಹಾಕಿದ ತಾತನ ಕೆಂಪು ಅಂಗಿ, ಎದೆಯ ಜೇಬಿನಲ್ಲಿ ಸ್ಕೀಗೆ ಬಳಿಯುವ ಮೇಣದ ಡಬ್ಬಿಗಳು, ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ಹೇಳುವ ಒಂದು ‘ಹೂಂ’. ರಜೆಗೆಂದು ಹೋಗುವ, ಬೆಟ್ಟದ ಮೇಲಿನ ನಮ್ಮ ಮರದ ಮನೆಗೆ ರಸ್ತೆಯಿಲ್ಲ. ಪ್ರತಿ ಚಳಿಗಾಲ ಹೊಸ ಹಿಮದಲ್ಲಿ ಮೊದಲ ಜಾಡು ಮೂಡಿಸುವವಳು ಅಜ್ಜಿಯೇ. ಅಪ್ಪ ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಅವಳ ಬೆನ್ನು ನೋಡಿಕೊಂಡೇ ಬಂದವರು.

ಈ ಸಲ ಅಪ್ಪ ಷರತ್ತು ಹಾಕಿದರು. ಅಜ್ಜಿಯ ಸೊಂಟದ ಕೀಲು ಬದಲಾಯಿಸಿ ಇನ್ನೂ ಆರು ತಿಂಗಳಾಗಿರಲಿಲ್ಲ.

“ಜಾರುಬಂಡಿ ಎಳ್ಕೊಂಡು ಬರ್ತೀನಮ್ಮ. ಒಂದ್ಸಲ ಅದ್ರಲ್ಲಿ ಕೂತ್ಯೋ, ಮುಗೀತು, ಬೆಟ್ಟದ ಮನೆ ಮಾರೋದೇ.”

“ಹೂಂ. ನಿಂಗೆ ಸುಸ್ತಾದ್ರೆ ನಿನ್ನನ್ನೇ ಕೂರಿಸಿ ಎಳೀತೀನಿ, ಬಾ.”

ಅಲ್ಲೇ ಕೈ ಕುಲುಕಿದರು.

ಹೊರಡುವಾಗ ಅಜ್ಜಿ ಒಂದು ಹಿಡಿ ಹಿಮ ಮೂಸಿ, ನಾಲಿಗೆಗೆ ಮುಟ್ಟಿಸಿ, ಕಡುಚಳಿಗೆಂದೇ ಇರುವ ನೀಲಿ ಮೇಣ ಬಳಿದಳು.

“ಮಧ್ಯಾಹ್ನ ಬಿಸಿಲಂತಮ್ಮ,” ಎಂದರು ಅಪ್ಪ.

“ಯಾರಂದ್ರು? ನಿನ್ನ ಫೋನಾ? ಅದಕ್ಕೆ ಮೂಗಿದ್ಯಾ?”

ಬಿಸಿಲು ಬಂದೇ ಬಂತು. ಒದ್ದೆ ಹಿಮ ಸ್ಕೀ ತಳಕ್ಕೆ ಗೆಡ್ಡೆಗೆಡ್ಡೆಯಾಗಿ ಮೆತ್ತಿಕೊಂಡು, ಅಜ್ಜಿ ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟ ಮದುಮಗಳ ಹಾಗೆ ತಡವರಿಸಿದಳು. ಅಪ್ಪ ಜಾರುಬಂಡಿಯನ್ನು ಅವಳ ಪಕ್ಕಕ್ಕೆ ತಂದು ನಿಲ್ಲಿಸಿದರು. ಅಜ್ಜಿ ಅದನ್ನು ನೋಡಿದಳು. ಬೆನ್ನಿನ ಚೀಲ ಇಳಿಸಿ, ಹಿಮದ ಮೇಲಿಟ್ಟು, ಅದರ ಮೇಲೆ ಕೂತು, ಬಿಸಿಲಿಗೆ ಮುಖವೊಡ್ಡಿ ಕಿತ್ತಳೆ ಸುಲಿದಳು! ನಮಗೂ ಎರಡೆರಡು ತೊಳೆ ಕೊಟ್ಟಳು. ಆಮೇಲೆ ನೀಲಿ ಮೇಣ ಕೆರೆದು ತೆಗೆದು ಒದ್ದೆ ಹಿಮಕ್ಕೆಂದಿರುವ ಕೆಂಪು ಮೇಣ ತಿಕ್ಕಿದಳು.

“ಮೇಣ ಆರಿಸಿದ್ದು ತಪ್ಪಾಯ್ತು. ಕಾಲು ಸರಿಯಾಗೇ ಇದೆ.”

ಕೊನೆಯ ಏರಿನಲ್ಲಿ ಹಿಮ ಮೊಣಕಾಲುದ್ದ. ನಾಲ್ಕು ಹೆಜ್ಜೆ ಹತ್ತಿದ ಅಜ್ಜಿ ಜಾಡಿನಿಂದ ಪಕ್ಕಕ್ಕೆ ಸರಿದು ನಿಂತುಬಿಟ್ಟಳು. ಅವಳು ಹಾಗೆ ಸರಿದದ್ದನ್ನು ನಮ್ಮ ವಂಶದಲ್ಲೇ ಯಾರೂ ಕಂಡಿರಲಿಲ್ಲ. ಅಪ್ಪ ಜಾರುಬಂಡಿಯ ಹಗ್ಗಕ್ಕೆ ಕೈಹಾಕಿದರು.

“ಅದ್ರಲ್ಲಿ ನನ್ನ ಚೀಲ ಹಾಕು, ನನ್ನನ್ನಲ್ಲ. ಮುಂದೆ ನಡಿ ಮಗ್ನೇ, ಆಸ್ಗೈರ್. ಜಾಡು ನೀನು ಮಾಡು.”

ಐವತ್ತು ದಾಟಿದ ಅಪ್ಪ ಮೊದಲ ಬಾರಿಗೆ ಮುಂದೆ ಹೋದರು. ಹಿಂದಿನಿಂದ ಅಜ್ಜಿಯ ಬೈಗುಳ:

“ಏನೋ, ತಪ್ಪಿಸ್ಕೊಂಡ ಹಸು ಹುಡುಕ್ತಿದೀಯಾ? ನೆಟ್ಟಗೆ ಹೋಗೋ!”

ಅಪ್ಪ ತಿರುಗಿ ನೋಡಲಿಲ್ಲ. ಹೆಜ್ಜೆ ಮಾತ್ರ ಚಿಕ್ಕದಾಯಿತು, ಅವಳ ಹೆಜ್ಜೆಗೆ ಸರಿಯಾಗಿ.

ಬಾಗಿಲ ಮುಂದೆ ಅಜ್ಜಿ ತಾನೇ ಬಗ್ಗಿ ಸ್ಕೀ ಬಿಚ್ಚಿದಳು. ಅಪ್ಪ ಹಿಮ ಗೋರುತ್ತಾ, “ಮುಂದಿನ ವರ್ಷಕ್ಕೆ ಸೌದೆ ಜಾಸ್ತಿ ಒಡೀಬೇಕು,” ಎಂದರು. ಮಾರುವ ಮಾತು ಅಲ್ಲಿಗೆ ಮುಗಿಯಿತು.

ಯಾರನ್ನೂ ಮುಂದೆ ಬಿಡದವರನ್ನು ಗಟ್ಟಿಗರೆಂದು ಕರೆಯುವುದು ನಮಗೆಲ್ಲ ರೂಢಿ. ಗುನ್‌ವೋರ್ ಅಜ್ಜಿಯಂಥವರ ಗಟ್ಟಿತನ ಬೇರೆಯೇ ಜಾತಿಯದು: ಅವರು ದಾರಿ ಬಿಟ್ಟುಕೊಡುತ್ತಾರೆ, ಆ ದಾರಿಯಲ್ಲಿ ತಮ್ಮ ಕಾಲಿನಲ್ಲೇ ಬರುತ್ತಾರೆ, ಬರುತ್ತಾ ಬರುತ್ತಾ ದಾರಿ ಸೊಟ್ಟಗಿದೆಯೆಂದು ಬೈಯುವ ಹಕ್ಕನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ.