ಲಿಂಗಯ್ಯ ಓಡಿಸಿದ ಕಬ್ಬಿನ ರೈಲು

ಎಪ್ಪತ್ತೆರಡರ ಲಿಂಗಯ್ಯ ಮೂರು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದೆ ಕೊತ್ತತ್ತಿ ಹತ್ತಿರದ ತಗಡಿನ ಶೆಡ್ಡಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಒಂದು ಕಾಲಕ್ಕೆ ಕಾರ್ಖಾನೆಗೆ ಕಬ್ಬು ಎಳೆಯುತ್ತಿದ್ದ ಪುಟ್ಟ ಉಗಿ ಇಂಜಿನ್ನನ್ನು ಅಲ್ಲಿ ಆರೇಳು ಜನ ಕೈಯಾರೆ, ಬಿಟ್ಟಿಯಾಗಿ ರಿಪೇರಿ ಮಾಡುತ್ತಿದ್ದರು. ಮಂಡ್ಯದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ನಾಗಶ್ರೀ ಮೇಡಂ ಅವರಿಗೆಲ್ಲ ಮುಂದಾಳು. ಟ್ರಾಕ್ಟರ್ ಮೆಕ್ಯಾನಿಕ್ ಸ್ವರೂಪ್ ಅವರ ಬಲಗೈ. ಲಿಂಗಯ್ಯನಿಗೆ ಮಾತ್ರ ಎಲ್ಲರಿಗಿಂತ ಹೆಚ್ಚು ಮರ್ಯಾದೆ. ಹರೆಯದಲ್ಲಿ ಇದೇ ಇಂಜಿನ್ ಓಡಿಸುತ್ತಿದ್ದೆನೆಂದು ಮೊದಲ ದಿನವೇ ಹೇಳಿಬಿಟ್ಟಿದ್ದ.

ಶುದ್ಧ ಸುಳ್ಳು.

ಬಾಯ್ಲರ್ ಪರೀಕ್ಷೆ ಪಾಸಾಗಿ, ಸೌದೆ ಉರಿದು, ಉಗಿ ಏರಿ ಇಂಜಿನ್ ಬುಸುಗುಟ್ಟತೊಡಗಿದ ಆ ಬೆಳಿಗ್ಗೆ ಸ್ವರೂಪ್ ಕುಣಿಯುತ್ತ ಬಂದ. "ಮ್ಯಾಕ್ಕತ್ತು ತಾತ! ಡ್ರೈವರ್ ನೀನೇ ಅಲ್ವಾ?"

ಲಿಂಗಯ್ಯ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ನಾಗಶ್ರೀಯನ್ನು ಮೂಲೆಗೆ ಕರೆದು ಪಿಸುಗುಟ್ಟಿದ. "ಸುಳ್ಳೇಳ್ಬುಟ್ಟಿದ್ದೆ ಕಣವ್ವ. ನಾನು ಇದ್ರ ಬೂದಿ ಬಾಚ್ತಿದ್ದೋನು. ಒಂದಿನಾನೂ ಓಡ್ಸಿಲ್ಲ."

ನಾಗಶ್ರೀ ನಕ್ಕ ರಭಸಕ್ಕೆ ಕನ್ನಡಕ ಜಾರಿತು. "ಗೊತ್ತಿತ್ತು ಬಿಡಿ. ಮೊದಲನೇ ವಾರ ಬ್ರೇಕ್ ಎಲ್ಲಿ ಅಂದ್ರೆ ಸೀಟಿ ತೋರಿಸಿದ್ರಿ! ಆದ್ರೆ ಮೂರು ವರ್ಷ ಇದರ ಒಂದೊಂದು ನಟ್ಟೂ ಬಿಚ್ಚಿ ಹಾಕಿದ್ದೀರಲ್ಲ, ಇವತ್ತು ನಿಮಗಿಂತ ಬಲ್ಲವರು ಯಾರಿದ್ದಾರೆ? ಪಕ್ಕದಲ್ಲಿ ನಾನಿರ್ತೀನಿ, ಹತ್ತಿ."

ಲಿಂಗಯ್ಯ ಹತ್ತಿದ. ಉಗಿ ಬಿಡುವ ಹಿಡಿ ಎಳೆದ. ಇಂಜಿನ್ ದೊಡ್ಡದಾಗಿ ಸೀನಿ, ಫೋಟೋಕ್ಕೆಂದು ಸ್ವರೂಪ್ ಹಾಕಿಕೊಂಡಿದ್ದ ಬಿಳಿ ಶರ್ಟಿನ ಮೇಲೆ ಕರಿನೀರು ಉಗಿದು, ಹೊರಟೇಬಿಟ್ಟಿತು!

"ಓಯ್ತಾ ಅದೆ! ಓಯ್ತಾ ಅದೆ ಕಣ್ರಪ್ಪೋ!" ಸ್ವರೂಪ್ ಒದ್ದೆ ಶರ್ಟಿನಲ್ಲೇ ಜೊತೆಗೆ ಓಡಿದ. ಲಿಂಗಯ್ಯನಿಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತುಂಬಿ ಮುಂದಿನದು ಕಾಣಲಿಲ್ಲ. ಅವರು ಹಾಕಿದ್ದ ಹಳಿಯೋ ಇನ್ನೂರೇ ಅಡಿ, ಅದರಾಚೆ ಲಿಂಗಯ್ಯನ ಓರಗೆಯ ಮಾಯಮ್ಮನ ಕಬ್ಬಿನ ಗದ್ದೆ.

"ಬ್ರೇಕು! ಬ್ರೇಕು!" ನಾಗಶ್ರೀ ಕಿರುಚಿದರು. ಇಬ್ಬರೂ ಒಟ್ಟಿಗೆ ಜೋತುಬಿದ್ದರು. ಹಳಿ ಗೇಣುದ್ದ ಉಳಿದಿರುವಾಗ ಇಂಜಿನ್ ನಿಂತಿತು. ಅದರ ಮೂತಿ ಮಾತ್ರ ಕಬ್ಬಿನ ಗರಿಯೊಳಕ್ಕೆ ತೂರಿತ್ತು.

ಗರಿ ಸರಿಸಿಕೊಂಡು, ಕೈಯಲ್ಲಿ ಕುಡುಗೋಲು ಹಿಡಿದ ಮಾಯಮ್ಮ ಎದ್ದುಬಂದಳು. "ಲೇ ಲಿಂಗ, ನನ್ ಗದ್ದೇಗೇ ನುಗ್ಗುಸ್ತೀಯೇನ್ಲಾ?"

"ತಪ್ಪಾಯ್ತು ಬುಡು ಮಾಯಿ. ಇಂದಕ್ಕೋಯ್ತೀನಿ."

"ಅಂಗೇ ಓದ್ರೆ ಬುಟ್ಟೇನಾ?" ಅವಳು ಕುಡುಗೋಲನ್ನು ಬದುವಿನ ಮೇಲಿಟ್ಟು ಸೆರಗು ಸಿಕ್ಕಿಸಿದಳು. "ನನ್ನೂ ಅತ್ತಿಸ್ಕೋ."

ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಅಷ್ಟರಲ್ಲಿ ಅರ್ಧ ಊರೇ ಬದುವಿನ ಮೇಲೆ ನಿಂತು ಕೇಕೆ ಹಾಕುತ್ತಿತ್ತು. ಒಂಬತ್ತನೇ ಸುತ್ತಿಗೆ ಇಂಜಿನ್ನಿನ ತೊಟ್ಟಿಯ ನೀರು ತಳ ಕಂಡಿತು, ಇಳಿಯಿರಿ ಎಂದರು ನಾಗಶ್ರೀ.

ಮಾಯಮ್ಮ ಇಳಿಯಲಿಲ್ಲ. ಗದ್ದೆಯ ಕಡೆ ತಿರುಗಿ ಸೊಸೆಯನ್ನು ಕೂಗಿದಳು: "ಕುಸುಮಾ, ನಾಲೆಯಿಂದ ನಾಕು ಕೊಡ ನೀರ್ ತತ್ತಾ ಬಿರ್ನೆ!"