ಎಮೆಟ್ ಬಿಟ್ಟುಕೊಟ್ಟ ಜಾಗ

ಶವಪೆಟ್ಟಿಗೆಯೊಳಗೆ ಗಂಡ ಎಮೆಟ್‌ನ ಎದೆಯ ಮೇಲಿದ್ದ ಟೋಪಿಯನ್ನು ಲೊರೇನ್ ಎತ್ತಿ ಪಕ್ಕದ ಕುರ್ಚಿಗೆ ಎಸೆದಳು.

“ಇದನ್ನ ಯಾರು ಇಟ್ಟದ್ದು?”

ಅವನು ಹಿಂದೆ ಆಡುತ್ತಿದ್ದ ಬೇಸ್‌ಬಾಲ್ ತಂಡದ ಕಚೇರಿಯಿಂದ ಬಂತೆಂದು ನಾದಿನಿ ಮಾರ್ಜ್ ಮೆಲ್ಲಗೆ ಹೇಳಿದಳು. ಟೋಪಿಯ ಹಿಂದೆಯೇ ತಂಡದ ಮ್ಯಾನೇಜರ್ ಗ್ರಾಂಟ್ ಹ್ಯಾವರ್ಲಿ ಬಂದಿದ್ದ, ಅವನ ಹಿಂದೆ ಒಬ್ಬ ಫೋಟೋಗ್ರಾಫರ್. ಜನ್ಮದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಎಸೆಯದ ಹ್ಯಾವರ್ಲಿ, ಬೇರೆಯವರ ತೋಳುಗಳಿಗೆ ಬೆಲೆ ಕಟ್ಟಿಯೇ ಹೊಟ್ಟೆ ಬೆಳೆಸಿದವನು. ಈಗ ಚರ್ಚಿನ ತುಂಬ ಓಡಾಡುತ್ತ, ಎಮೆಟ್ ತನಗೆ ಒಡಹುಟ್ಟಿದವನ ಹಾಗಿದ್ದ ಎನ್ನುತ್ತಿದ್ದ. ಎಮೆಟ್ ಶಾಲಾ ಬಸ್ ಓಡಿಸಿಕೊಂಡು ಎದುರಾದಾಗ ತಲೆ ಎತ್ತಿಯೂ ನೋಡದಿದ್ದ ಜನ ಈಗ ಹ್ಯಾವರ್ಲಿಯ ಕೈ ಕುಲುಕಲು ಸಾಲುಗಟ್ಟಿದ್ದರು. ಒಬ್ಬನಂತೂ ಸಾವಿನ ಪ್ರಾರ್ಥನೆಗೆ ಚೆಂಡು ತಂದು ಅವನಿಂದ ರುಜು ಹಾಕಿಸಿಕೊಂಡ.

“ಪೆಟ್ಟಿಗೆ ಹೊರೋಕೆ ಹ್ಯಾವರ್ಲಿಯವರೂ ಕೈ ಕೊಡ್ತಾರಂತೆ ಅತ್ತಿಗೆ. ಅಣ್ಣನಿಗೆ ಗೌರವ ಅಲ್ವಾ?” ಎಂದಳು ಮಾರ್ಜ್.

“ಬದುಕಿದ್ದಾಗ ಕೈ ಬಿಟ್ಟೋನು,” ಎಂದಳು ಲೊರೇನ್.

*

ಇಪ್ಪತ್ತು ವರ್ಷದ ಹಿಂದಿನ ಚಳಿಗಾಲ. ತಂಡದಲ್ಲಿ ಚೆಂಡು ಎಸೆಯುವ ಪಿಚರ್‌ಗಳೆಲ್ಲ ಮುದುಕರಾದರು, ಇನ್ನು ಭಾರ ಎಳೆಯರು ಹೊರಲಿ ಎಂದು ಹ್ಯಾವರ್ಲಿ ಪತ್ರಿಕೆಗಳಿಗೆ ಹೇಳಿದ್ದ. ಎಮೆಟ್‌ಗೆ ಆಗ ಮೂವತ್ತೈದು. ಮಹಾ ಆಟಗಾರನೇನಲ್ಲ, ತನ್ನ ಸರದಿ ಬಂದಾಗ ಒಮ್ಮೆಯೂ ತಪ್ಪಿಸಿಕೊಳ್ಳದವನು.

ಫೋನ್ ಬಂದಾಗ ಅವನು ಅಡುಗೆಮನೆಯಲ್ಲಿ ಕೂತು, ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಡ್ಯಾರೆಲ್ ಎಂಬ ಹೊಸ ಪಿಚರ್‌ಗೆ ನಿಧಾನದ ಚೆಂಡು ಎಸೆಯಲು ಬೆರಳು ಹಿಡಿಯುವ ಬಗೆಯನ್ನು ಕಲಿಸುತ್ತಿದ್ದ. ಮಾತಾಡಿದ್ದು ಹ್ಯಾವರ್ಲಿಯಲ್ಲ, ಅವನ ಗುಮಾಸ್ತೆ. ಮೂವರು ಹಳಬರನ್ನು ಬೇರೆ ತಂಡಗಳಿಗೆ ಕೊಟ್ಟು ಬದಲಿಗೆ ಹುಡುಗರನ್ನು ತಂದುಕೊಂಡಿದ್ದರು. ಎಮೆಟ್ ದೂರದ ಅರಿಜೋನಾದ ತಂಡಕ್ಕೆ. ಅವನು “ಆಗಲಿ” ಎಂದು ಫೋನ್ ಇಟ್ಟು, ಮತ್ತೆ ಬಂದು ಡ್ಯಾರೆಲ್‌ನ ಬೆರಳುಗಳನ್ನು ಚೆಂಡಿನ ಮೇಲೆ ಸರಿಯಾಗಿ ಕೂರಿಸಿದ.

“ಏನಂತೆ?” ಎಂದಳು ಲೊರೇನ್.

“ನನ್ನ ಜಾಗ ಇವನಿಗಂತೆ. ಊಟಕ್ಕೆ ಹಾಕು, ಹಸಿದಿದ್ದಾನೆ.”

ಲೊರೇನ್ ಒಲೆ ಆರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಸಂಜೆಯೇ ಡ್ಯಾರೆಲ್ ಚೀಲ ಹೊತ್ತು ಮನೆ ಬಿಟ್ಟ. ಅರಿಜೋನಾದಲ್ಲಿ ಒಂದೇ ವರ್ಷಕ್ಕೆ ಎಮೆಟ್‌ನ ಮೊಣಕೈ ಕೈಕೊಟ್ಟಿತು. ಊರಿಗೆ ಮರಳಿ ಬಸ್ಸಿನ ಚಾಲಕನಾದ. ಹ್ಯಾವರ್ಲಿಯ ಬಗ್ಗೆ ಕೆಟ್ಟ ಮಾತಾಡಲಿಲ್ಲ. ಅವನ ಪಾಲನ್ನೂ ಸೇರಿಸಿ ಲೊರೇನ್ ಒಬ್ಬಳೇ ಬೈದುಕೊಂಡಳು, ಹ್ಯಾವರ್ಲಿಯನ್ನೂ, ಡ್ಯಾರೆಲ್‌ನನ್ನೂ.

*

ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಹೊರುವ ಐವರು ಬಂದು ನಿಂತರು. ಆರನೆಯವನಾಗಿ ಹ್ಯಾವರ್ಲಿ ಬಿಳಿ ಕೈಗವಸು ತೊಟ್ಟು, ಕ್ಯಾಮೆರಾ ಇದ್ದ ಕಡೆಗೆ ಮುಖಮಾಡಿ ಮುಂದಿನ ಹಿಡಿಕೆಗೆ ಕೈ ಹಾಕಿದ.

ಲೊರೇನ್ ಎದ್ದಳು. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಡ್ಯಾರೆಲ್‌ನನ್ನು ಅವಳು ಆಗಲೇ ನೋಡಿದ್ದಳು. ಕೂದಲು ನರೆತಿತ್ತು. ಚೆಂಡು ಎಸೆಯುವ ಬಲಭುಜ ಕೆಟ್ಟ ಮೇಲೆ ಅವನನ್ನೂ ಹ್ಯಾವರ್ಲಿ ಹೊರಹಾಕಿದ್ದ.

“ಮಿಸ್ಟರ್ ಹ್ಯಾವರ್ಲಿ, ಪಕ್ಕಕ್ಕೆ ಬನ್ನಿ,” ಎಂದಳು ಅವಳು ಎಲ್ಲರಿಗೂ ಕೇಳುವಂತೆ. “ನಿಮಗೆ ವಯಸ್ಸಾಯ್ತು. ಎಳೆಯರು ಹೊರಲಿ.”

ಹ್ಯಾವರ್ಲಿ ನಗಲು ನೋಡಿದ. ಯಾರೂ ಜೊತೆಗೆ ನಗಲಿಲ್ಲ.

“ಡ್ಯಾರೆಲ್, ಬಾರೋ. ಆಮೇಲೆ ಮನೆಗೆ ಬಂದು ಊಟ ಮಾಡ್ಕೊಂಡು ಹೋಗು.”

ಡ್ಯಾರೆಲ್ ಬಂದ. ಬಲಗೈಯಿಂದ ಹಿಡಿಕೆ ಎತ್ತಲಾಗದೆ, ಆಚೆ ಬದಿಯವನೊಂದಿಗೆ ಜಾಗ ಬದಲಿಸಿಕೊಂಡು ಎಡಗೈ ಹಾಕಿದ. ಪೆಟ್ಟಿಗೆ ಒಮ್ಮೆ ವಾಲಿ, ಮತ್ತೆ ಮಟ್ಟಕ್ಕೆ ಬಂತು. ಫೋಟೋಗ್ರಾಫರ್ ಹಿಂದಕ್ಕೆ ನಡೆಯುತ್ತ ಅವರ ಜೊತೆಗೇ ಹೊರಟ. ಹಿಮ ಬೀಳುತ್ತಿದ್ದ ಬಾಗಿಲಿನತ್ತ ಜನ ನಡೆದರು. ನಡುದಾರಿಯಲ್ಲಿ ನಿಂತಿದ್ದ ಹ್ಯಾವರ್ಲಿಯನ್ನು, ಕಂಬವನ್ನು ಬಳಸಿ ಹೋಗುವ ಹಾಗೆ, ಎರಡೂ ಬದಿಯಿಂದ ದಾಟಿ ಹೋದರು.