ಹಿರಿಯರ ಎಡೆಗೆ ಜಪಾನಿನ ಬಾಟಲಿ

ಸಾರಾಯಿ ಬಂದಾದ ವರ್ಷ ಗಂಗರಾಜುವಿಗೆ ಪಿತೃಪಕ್ಷದ್ದೇ ಚಿಂತೆಯಾಯಿತು. ತೀರಿಹೋದ ಅಪ್ಪ ಬೀರಲಿಂಗಯ್ಯನ ಎಡೆಗೆ ಮುದ್ದೆ, ಮಟನ್ ಸಾರಿನ ಜೊತೆ ಒಂದು ಲೋಟ ಸಾರಾಯಿ ಇಡಲೇಬೇಕಿತ್ತು. ಬಿಡದಿಯ ಫ್ಯಾಕ್ಟರಿಯಲ್ಲಿ ಈ ಸಂಕಟ ಹೇಳಿಕೊಂಡಾಗ, ಅವನ ಸೂಪರ್‌ವೈಸರ್ ಹಯಾಶಿ ಸಾಹೇಬರು ಬಾಟಲಿ ಹಿಡಿದು ಕೈಲಾಂಚದ ಮನೆಗೇ ಬಂದರು. ಅವರ ಹಳ್ಳಿಯಲ್ಲಿ ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯವಂತೆ. ಜಪಾನಿನಲ್ಲೇ ಪಕ್ಕದೂರಿನವರಿಗೆ ಅದರ ಹೆಸರು ಗೊತ್ತಿಲ್ಲವಂತೆ.

ಎಡೆಯಿಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಂತರು. ಒಂದಷ್ಟು ಹೊತ್ತಿನ ಮೇಲೆ ಬಾಗಿಲು ತೆಗೆದರೆ ಲೋಟ ಬರಿದಾಗಿತ್ತು. ಅಪ್ಪನ ಫೋಟೊದ ಮುಂದೆ ಹಯಾಶಿ ಸಾಹೇಬರು ಮಂಡಿಯೂರಿ ಕೂತಿದ್ದರು. ಮುಖ ಕೆಂಪಗಾಗಿತ್ತು. ಹೊರಗೆ ಬನ್ನಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಾಟಲಿಯಲ್ಲಿ ಉಳಿದಿದ್ದನ್ನು ಗಂಗರಾಜು ಒಂದು ಗುಟುಕು ಕುಡಿದು ನೋಡಿದ. ಗಂಜಿಯ ತಿಳಿಗೆ ಮಾಗಿದ ಸೀಬೆಹಣ್ಣು ಕಿವುಚಿದಂತಿತ್ತು. ಗಂಟಲು ಸುಡಲೇ ಇಲ್ಲ.

"ಅವ್ವ, ಇದು ಅಪ್ಪಂಗೆ ಎಲ್ಲಿ ಸಾಲ್ತದೆ? ಅದ್ನೂ ಇವ್ರೇ ಕುಡುದ್ಬುಟ್ಟವ್ರೆ" ಎಂದ.

ತಿಮ್ಮಮ್ಮ ಲೋಟವನ್ನು ಮತ್ತೆ ತುಂಬಿಸಿ, ಅದರ ಪಕ್ಕಕ್ಕೆ ಇನ್ನೊಂದು ಲೋಟ ಇಟ್ಟಳು.

"ಸುಮ್ಕಿರ್ಲಾ. ನಿಮ್ಮಪ್ಪ ಯಾವತ್ತು ಒಬ್ನೇ ಕುಡ್ದಿದ್ದ?"